ಟ್ರೈಪನ ಕಲೆಯೂ ಸರಕಾರದ ಲೆಕ್ಕವೂ

ಗೆಂಡೆಹಳ್ಳಿಯ ಸೀಮೆಯವರಿಗೆ ಬೇಲೂರು ಹಳೇಬೀಡುಗಳ ಗುಡಿಗಳು ನೆರೆಮನೆಯಷ್ಟು ಪರಿಚಿತವಾದುವು. ಆದರೆ ಆ ಶಿಲಾವೈಭವವನ್ನು ಬೆಳಕಿನಿಂದಲೇ ಕಾಗದದ ಮೇಲೆ ಮೊದಮೊದಲು ಮೂಡಿಸಿದವರಲ್ಲಿ ಕುಂಪಣಿಯ ದಂಡಿನ ಅಧಿಕಾರಿಯೊಬ್ಬನಿದ್ದನೆಂಬುದನ್ನು ಬಲ್ಲವರು ವಿರಳ.

ಲಿನ್ನೇಯಸ್ ಟ್ರೈಪನು 1822ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿ, ಹದಿಹರೆಯದಲ್ಲಿಯೇ ಕುಂಪಣಿಯ ಮದರಾಸು ಸೈನ್ಯವನ್ನು ಸೇರಿದನು. ರಜೆಯ ಮೇಲೆ ಸ್ವದೇಶಕ್ಕೆ ಹೋಗಿದ್ದಾಗ ಛಾಯಾಚಿತ್ರದ ನವವಿದ್ಯೆಯನ್ನು ಅಭ್ಯಸಿಸಿ, 1854ರಲ್ಲಿ ಬೆಂಗಳೂರಿಗೆ ಮರಳಿದನು. ಆ ವರ್ಷದ ಡಿಸೆಂಬರಿನಲ್ಲಿ ಹಳೇಬೀಡು ಬೇಲೂರುಗಳಿಗೆ ಬಂದು ಚಿತ್ರಗಳನ್ನು ತೆಗೆದನು. ಮರುವರ್ಷ ಮದರಾಸಿನ ವಸ್ತುಪ್ರದರ್ಶನದಲ್ಲಿ ಈತನ ಚಿತ್ರಗಳಿಗೆ ಪ್ರಥಮ ದರ್ಜೆಯ ಪದಕವು ಲಭಿಸಿತು.

ಅಂದಿನ ಈ ವಿದ್ಯೆಯು ತಪಸ್ಸಿಗೆ ಸಮಾನವಾಗಿದ್ದಿತು. ಕಾಗದಕ್ಕೆ ಮೇಣವನ್ನೂಡಿಸಿ, ಬೆಳ್ಳಿಯ ಲವಣದಲ್ಲಿ ಅದ್ದಿ ಒಣಗಿಸಿ, ಪೆಟ್ಟಿಗೆಯಲ್ಲಿಟ್ಟು, ಬಹಳ ಹೊತ್ತು ಬೆಳಕಿಗೊಡ್ಡಬೇಕಾಗಿತ್ತು. ನೀಲಾಕಾಶವು ಬರಿಯ ಬಿಳುಪಾಗಿ ಬೀಳುತ್ತಿದ್ದುದರಿಂದ, ಟ್ರೈಪನು ನೆಗಟಿವಿನ ಮೇಲೆ ಬಣ್ಣವನ್ನು ಬಳಿದು ಮೋಡಗಳನ್ನು ಬರೆಯುತ್ತಿದ್ದನು. ಯಂತ್ರವು ಬಿಟ್ಟುದನ್ನು ಚಿತ್ರಗಾರನ ಕೈ ತುಂಬುತ್ತಿತ್ತು.

1855ರಲ್ಲಿ ಈತನು ರಾಯಭಾರಿಗಳೊಡನೆ ಬರ್ಮಾದೇಶಕ್ಕೆ ಹೋದನು. ಅಲ್ಲಿನ 120 ಚಿತ್ರಗಳನ್ನು ಆಯ್ದು, ಅವುಗಳ 50 ಸಂಪುಟಗಳನ್ನು ಬೆಂಗಳೂರಿನಲ್ಲಿ ಸಿದ್ಧಪಡಿಸಿದನು. ಎಂದರೆ ಆರು ಸಾವಿರ ಅಚ್ಚುಗಳು! ಸಹಾಯಕರನ್ನು ತರಬೇತುಗೊಳಿಸಿ, ಕಾಗದ ರಸಾಯನಗಳ ಲೆಕ್ಕವಿಟ್ಟು, ಕಲಾವಿದನು ಕಾರ್ಖಾನೆಯ ಯಜಮಾನನೂ ಆಗಬೇಕಾಯಿತು. 1856ರಲ್ಲಿ ಮದರಾಸು ಸರಕಾರವು ಆತನನ್ನು ತನ್ನ ಛಾಯಾಚಿತ್ರಗಾರನನ್ನಾಗಿ ನೇಮಿಸಿತು. 1858ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಶಾಸನಪಂಕ್ತಿಯನ್ನು 21 ಚಿತ್ರಗಳಲ್ಲಿ ತೆಗೆದು, ಸುಮಾರು 19 ಅಡಿಗಳ ಒಂದೇ ಪಟವಾಗಿ ಜೋಡಿಸಿದನು.

ಆದರೆ 1857ರ ದಂಗೆಯ ಬಳಿಕ ಬೊಕ್ಕಸದಲ್ಲಿ ಮಿತವ್ಯಯವೇ ಮಂತ್ರವಾಯಿತು. 1859ರಲ್ಲಿ ಮದರಾಸಿನ ಗವರ್ನರನಾಗಿ ಬಂದ ಟ್ರೆವೆಲ್ಯನ್ ಈ ಕಾರ್ಯವನ್ನು ಭೋಗದ ಬಾಬೆಂದು ಎಣಿಸಿ ನಿಲ್ಲಿಸಿದನು. ಟ್ರೈಪನು ಪುನಃ ಪಲ್ಟಣದ ಕೆಲಸಕ್ಕೆ ಸರಿದನು. 1875ರಲ್ಲಿ ನಿವೃತ್ತನಾಗಿ 1902ರಲ್ಲಿ ತೀರಿಕೊಂಡನು. ಆ ದೀರ್ಘಾವಧಿಯಲ್ಲಿ, ಬರ್ಮಾದಲ್ಲಿ ತೆಗೆದ ಕೆಲವು ಚಿತ್ರಗಳನ್ನುಳಿದರೆ, ಹೇಳಿಕೊಳ್ಳುವಂಥ ಕೆಲಸವನ್ನು ಆತನು ಮಾಡಲಿಲ್ಲ.

ಬೊಕ್ಕಸದ ಉಳಿತಾಯವು ಅಲ್ಪ. ತೆಗೆಯದೆ ಹೋದ ಚಿತ್ರಗಳ ನಷ್ಟವನ್ನು ಯಾವ ಗುಮಾಸ್ತನು ಬರೆದಾನು? ಬೇಲೂರು ಹಳೇಬೀಡುಗಳ ಗುಡಿಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದುವು. ಕಲ್ಲು ಗಾಳಿಮಳೆಗಳಿಗೆ ಸವೆಯುತ್ತಲೇ ಇರುವುದು. ಅದು 1854ರಲ್ಲಿ ಹೇಗಿದ್ದಿತೆಂಬುದಕ್ಕೆ ಆ ಮೇಣದ ಕಾಗದಗಳ ಸಾಕ್ಷ್ಯವು ಇಂದಿಗೂ ಉಳಿದಿದೆ. ಭೋಗವೆಂದು ತಳ್ಳಿದುದೇ ಇಂದು ಆಸ್ತಿಯಾಗಿದೆ.