ಹಾಲುಹಲ್ಲೂ ಬಾಯಿಯ ನೀರೂ

ಬಾಯಿಯ ನೀರಿಗೆ ನಮ್ಮ ನುಡಿಯಲ್ಲಿ ಹೆಸರುಗಳು ಹಲವು. ಕೂಸಿನ ತುಟಿಯಿಂದ ಸುರಿದರೆ ಜೊಲ್ಲು. ನೆಲಕ್ಕೆ ಬಿದ್ದರೆ ಉಗುಳು. ಮತ್ತೊಬ್ಬರ ತಟ್ಟೆಗೆ ತಗುಲಿದರೆ ಎಂಜಲು. ವೈದ್ಯರ ಮಾತಿನಲ್ಲಿ ಲಾಲಾರಸ. ಮೊದಲ ಮೂರು ಹೆಸರುಗಳಲ್ಲಿಯೂ ಒಂದಿಷ್ಟು ಹೇಸಿಕೆ ಬೆರೆತಿರುವುದರಿಂದಲೋ ಏನೋ, ಈ ನೀರು ನಮ್ಮ ಮಕ್ಕಳ ಹಲ್ಲುಗಳಿಗೆ ಮಾಡುವ ಉಪಕಾರವನ್ನು ಯಾರೂ ಎಣಿಸಹೋಗುವುದಿಲ್ಲ.

ನಮ್ಮ ನೆಂಟರಿಷ್ಟರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಹಂಚಿಹೋಗಿರುವುದರಿಂದ ಈ ನಾಲ್ಕೂ ಕಡೆಯ ಮನೆಗಳಲ್ಲಿ ಉಂಡು ಮಲಗುವ ಭಾಗ್ಯ ನಮಗುಂಟು. ಚನ್ನಗಿರಿಯ ಅಡಕೆ ತೋಟದ ಮನೆಯಾಗಲಿ, ಹೊನ್ನಾಳಿಯಲ್ಲಿ ತುಂಗಭದ್ರೆಯ ದಡದ ಮನೆಯಾಗಲಿ, ಇರುಳಿನ ಒಂದು ನೋಟ ಮಾತ್ರ ಹಲವೆಡೆ ಒಂದೇ: ಸಕ್ಕರೆ ಬೆರೆಸಿದ ಹಾಲಿನ ಶೀಷೆಯನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆಹೋಗುವ ಕೂಸು. ಹಗಲೆಲ್ಲ ದುಡಿದ ತಾಯಿಗೆ ಇದಕ್ಕಿಂತ ನೆಮ್ಮದಿಯ ನೋಟವಿಲ್ಲ. ಆಕೆಯನ್ನು ದೂರುವುದು ನಮ್ಮ ಉದ್ದೇಶವೂ ಅಲ್ಲ.

ನ್ಯಾಮತಿಯ ಮನೆಯೊಂದರಲ್ಲಿ ಮೂರು ವರ್ಷದ ಮಗುವಿನ ಮೇಲಿನ ಮುಂಬಲ್ಲುಗಳು ನಾಲ್ಕೂ ಕಂದಿ, ಕರಗಿ, ಬುಡವಷ್ಟೇ ಉಳಿದಿದ್ದವು. ಕೆಳಗಿನ ನಾಲ್ಕು ಮಾತ್ರ ಮಲ್ಲಿಗೆಯ ಮೊಗ್ಗಿನಂತಿದ್ದವು. “ಒಂದೇ ಬಾಯಿ, ಒಂದೇ ಹಾಲು, ಮೇಲಿನವಕ್ಕೆ ಬಂದ ಕೇಡು ಕೆಳಗಿನವಕ್ಕೇಕೆ ಬರಲಿಲ್ಲ?” ಎಂದು ಅಜ್ಜಿ ಕೇಳಿದರು. ವಿಷಯದ ತಿರುಳೆಲ್ಲ ಈ ಪ್ರಶ್ನೆಯಲ್ಲಿಯೇ ಅಡಗಿದೆ.

ಹಲ್ಲಿನ ಮೇಲೆ ಕಟ್ಟುವ ಪಾಚಿಯಲ್ಲಿ ಸೂಕ್ಷ್ಮಜೀವಿಗಳಿರುತ್ತವೆ. ಅವುಗಳಲ್ಲಿ ಮುಖ್ಯವಾದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬುದನ್ನು ಕ್ಲಾರ್ಕ್ ಎಂಬ ವಿದ್ವಾಂಸರು 1924ರಲ್ಲಿ ಗುರುತಿಸಿದರು. ಇವು ಸಕ್ಕರೆಯನ್ನುಂಡು ಆಮ್ಲವನ್ನು ಬಿಡುತ್ತವೆ. ಆಮ್ಲದ ಅಳತೆಯಾದ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಕವಚ ಕರಗತೊಡಗುವುದು. ಹಾಲುಹಲ್ಲಿನ ಕವಚವಂತೂ ಬಲು ತೆಳು. ಆಗ ಲಾಲಾರಸವು ಸಕ್ಕರೆಯನ್ನು ತೊಳೆದು, ಆಮ್ಲವನ್ನು ತಣಿಸಿ, ತನ್ನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟುಗಳನ್ನು ಹಲ್ಲಿಗೆ ಮರಳಿ ತುಂಬುತ್ತದೆ. ಈ ಕೆಲಸಕ್ಕೆ ಅದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಬಿಡುವು ಬೇಕು. ಗಳಿಗೆಗೊಂದು ಬಿಸ್ಕತ್ತು ಕೊಟ್ಟರೆ ಆ ಬಿಡುವು ದೊರೆಯದು.

ಕೆಳಗಿನ ಮುಂಬಲ್ಲುಗಳ ಹಿಂದೆಯೇ ಲಾಲಾರಸದ ನಾಳಗಳು ಬಾಯ್ದೆರೆದಿವೆ; ಹೀರುವಾಗ ನಾಲಗೆಯೂ ಅವುಗಳಿಗೆ ಮರೆಯಾಗುತ್ತದೆ. ಮೇಲಿನವಕ್ಕೆ ಈ ಕಾವಲಿಲ್ಲ. ಮೇಲಾಗಿ ನಿದ್ದೆಯಲ್ಲಿ ಲಾಲಾರಸದ ಒಸರು ಬಹುಮಟ್ಟಿಗೆ ನಿಂತುಹೋಗುತ್ತದೆ. ಕಾವಲುಗಾರನು ಮಲಗಿದ ಹೊತ್ತಿನಲ್ಲಿ ಶೀಷೆಯ ಸಿಹಿಹಾಲು ಹಲ್ಲುಗಳ ಸುತ್ತ ನಿಲ್ಲುತ್ತದೆ. ಅಜ್ಜಿಯ ಪ್ರಶ್ನೆಗೆ ಇದೇ ಉತ್ತರ.

ಇನ್ನು ಎಂಜಲಿನ ಮಾತು. ದೊಡ್ಡವರಲ್ಲಿ ಅದನ್ನು ಅಷ್ಟು ಬಿಗಿಯಾಗಿ ಪಾಲಿಸುವ ನಾವು, ಕೂಸಿನ ವಿಷಯದಲ್ಲಿ ಮಾತ್ರ ಅಗಿದು ಉಣಿಸುವುದನ್ನೂ ಚಮಚವನ್ನು ಚೀಪಿ ಕೊಡುವುದನ್ನೂ ಮಮತೆಯೆಂದು ಎಣಿಸುತ್ತೇವೆ. ಹುಳುಕುಹಲ್ಲಿನ ಸೂಕ್ಷ್ಮಜೀವಿಗಳು ಈ ದಾರಿಯಿಂದಲೇ ಮಗುವನ್ನು ಸೇರಬಲ್ಲವು. ಆದುದರಿಂದ ಮುದ್ದಿಸುವುದನ್ನು ಬಿಡಬೇಕಾಗಿಲ್ಲ. ಎತ್ತಿ ಆಡಿಸುವವರು ತಮ್ಮ ಹಲ್ಲುಗಳನ್ನು ಮೊದಲು ಸರಿಪಡಿಸಿಕೊಂಡರೆ ಲೇಸು.

ಜಗಳೂರಿನ ಕಡೆಯವರಿಗೆ ಮತ್ತೊಂದು ಮಾತು. ಅಲ್ಲಿ ಹಲವು ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಅದರಿಂದ ಹಲ್ಲಿನ ಮೇಲೆ ಮೂಡುವ ಕಂದುಕಲೆ ಬೇರೆ, ಹುಳುಕು ಬೇರೆ. ಯಾವುದೆಂದು ದಂತವೈದ್ಯರಿಂದಲೇ ತಿಳಿಯತಕ್ಕದ್ದು. ಜಿಲ್ಲೆಯ ಮುಖ್ಯಪಟ್ಟಣವಾದ ದಾವಣಗೆರೆಯಲ್ಲಿ ಬಾಪೂಜಿ ದಂತ ಮಹಾವಿದ್ಯಾಲಯವು 1979ರಿಂದ ಇದೆ.

“ಬೀಳುವ ಹಲ್ಲಿಗೆ ಇಷ್ಟು ಆರೈಕೆಯೇ?” ಎಂದು ಕೇಳುವವರುಂಟು. ಹಾಲುಹಲ್ಲುಗಳು ಇಪ್ಪತ್ತು, ಹಿಂದಿನವು ಉದುರುವ ವೇಳೆಗೆ ಮಗುವಿಗೆ ಹತ್ತು ಹನ್ನೆರಡು ವರ್ಷ ತುಂಬಿರುತ್ತದೆ. ಅಲ್ಲಿಯವರೆಗೆ ಮಗು ಅಗಿಯಬೇಕು, ಮಾತು ಕಲಿಯಬೇಕು, ನೋವಿಲ್ಲದೆ ನಿದ್ರಿಸಬೇಕು. ಮುಂದೆ ಬರುವ ಹಲ್ಲಿಗೆ ಸ್ಥಳವನ್ನೂ ಕಾಯ್ದಿಡಬೇಕು.

ಹಾಲಿನ ಸಕ್ಕರೆಯನ್ನು ದಿನದಿನಕ್ಕೆ ಕಡಿಮೆಮಾಡಿ ನಿಲ್ಲಿಸಿರಿ. ಹಾಲು ಕುಡಿದ ಮೇಲೆ ಹಲ್ಲುಜ್ಜಿ ಮಲಗಿಸಿರಿ. ಶೀಷೆ ಬೇಕೇಬೇಕೆಂದು ಅತ್ತರೆ ಬರಿಯ ನೀರನ್ನು ತುಂಬಿರಿ. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು ಪೇಸ್ಟು ಸಾಕು. ತಿಂಗಳಿಗೊಮ್ಮೆ ಮೇಲಿನ ತುಟಿಯನ್ನೆತ್ತಿ ನೋಡಿರಿ. ಒಸಡಿನ ಅಂಚಿನಲ್ಲಿ ಸುಣ್ಣದಂತಹ ಬಿಳಿಗೆರೆ ಕಂಡರೆ ಅದೇ ಕೇಡಿನ ಮೊದಲ ಗುರುತು. ಆ ಹಂತದಲ್ಲಿ ಎಚ್ಚೆತ್ತರೆ, ಮಗುವಿನ ಬಾಯಿಯ ನೀರೇ ಬಹುಪಾಲು ಚಿಕಿತ್ಸೆಯನ್ನು ನಡೆಸಿಕೊಡುತ್ತದೆ.