ಹಯಾಲಿಯಾದ ಅಜ್ಜಿ

ಮಗ ಕ್ಯೂಬಾ ಮೂಲದ ಹುಡುಗಿಯನ್ನು ಮದುವೆಯಾಗುತ್ತೇನೆಂದು ತಿಳಿಸಿದ ದಿನ ನಮ್ಮ ಡೊಂಬಿವಲಿಯ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಆ ಹುಡುಗಿಯ ಅಜ್ಜಿಯ ವಿಷಯ ಬರೆಯಲು ಕುಳಿತವಳು ಇದನ್ನು ಮುಚ್ಚಿಟ್ಟರೆ ತಪ್ಪಾದೀತು.

ನಾಲ್ಕು ವರ್ಷಗಳ ಕೆಳಗೆ ಐದು ತಿಂಗಳ ಮಟ್ಟಿಗೆ ಮಗನ ಮನೆಗೆ ಹೋದೆ. ಮಯಾಮಿಗೆ ಹೊಂದಿಕೊಂಡ ಹಯಾಲಿಯಾ ಊರು. ಅಂಗಡಿಯ ಫಲಕದಿಂದ ಹಿಡಿದು ನೆರೆಕರೆಯ ಜಗಳದವರೆಗೆ ಅಲ್ಲಿ ಎಲ್ಲವೂ ಸ್ಪ್ಯಾನಿಷ್. ಎರಡು ಬೀದಿಯಾಚೆ ಸೊಸೆಯ ಅಜ್ಜಿಯ ಮನೆ. ಮಕ್ಕಳು, ಮೊಮ್ಮಕ್ಕಳು, ಮರಿಮಗ ಎಲ್ಲರಿಗೂ ಆಕೆ ‘ಅಬುವೇಲ’, ಅಂದರೆ ಅಜ್ಜಿ. ಐದಡಿಯೂ ಇಲ್ಲದ ಜೀವ. ಆದರೆ ಆಕೆ ಕೆಮ್ಮಿದರೆ ಮೂರು ತಲೆಮಾರು ಸುಮ್ಮನಾಗುತ್ತಿತ್ತು.

ಆಕೆ ಕ್ಯೂಬಾ ಬಿಟ್ಟದ್ದು 1968ರಲ್ಲಿ. ಕ್ಯಾಸ್ಟ್ರೊ ಅಧಿಕಾರಕ್ಕೆ ಬಂದ ಮೇಲೆ ದೇಶ ಬಿಡುವವರಿಗಾಗಿ 1965ರಿಂದ 1973ರ ವರೆಗೆ ವರಡೇರೊದಿಂದ ಮಯಾಮಿಗೆ ವಿಮಾನಗಳು ಹಾರಿದವು; ಎರಡೂವರೆ ಲಕ್ಷಕ್ಕೂ ಮಿಕ್ಕಿ ಜನ ಹಾಗೆ ಬಂದರು. ಅರ್ಜಿ ಹಾಕಿದ ಗಂಡಸಿಗೆ ಇದ್ದ ಕೆಲಸ ಹೋಗಿ ಕಬ್ಬಿನ ಗದ್ದೆಯ ದುಡಿಮೆ. ಮನೆಗೆ ಅಧಿಕಾರಿಗಳು ಬಂದು ಚಮಚ, ತಟ್ಟೆಗಳನ್ನೂ ಎಣಿಸಿ ಪಟ್ಟಿ ಮಾಡುತ್ತಿದ್ದರಂತೆ. ಹೊರಡುವ ದಿನ ಮತ್ತೆ ಎಣಿಕೆ. ನಡುವೆ ಒಂದು ಬಟ್ಟಲು ಒಡೆದುಹೋಗಿ, ಅಬುವೇಲ ನೆರೆಮನೆಯಿಂದ ಅಂಥದೇ ಒಂದನ್ನು ತಂದು ಲೆಕ್ಕ ತುಂಬಿಸಿದ್ದರು. ಮನೆ, ಒಡವೆ ಎಲ್ಲ ಅಲ್ಲೇ ಉಳಿದವು. ಗಂಡ, ಎರಡು ಹೆಣ್ಣುಮಕ್ಕಳು, ಒಂದೆರಡು ಜೊತೆ ಬಟ್ಟೆ. ಇಷ್ಟೇ ವಿಮಾನ ಏರಿದ್ದು.

ಹಯಾಲಿಯಾದ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಹಾಕಿದರು, ತುಂಡಿಗಿಷ್ಟು ಎಂದು ಕೂಲಿ. ಗಂಡ ಬೇಗ ತೀರಿಕೊಂಡ. ಆ ಹೊಲಿಗೆಯಲ್ಲೇ ಮಕ್ಕಳು ಓದಿದರು, ಮನೆಯೂ ಆಯಿತು. ಭಾನುವಾರ ಎಲ್ಲರೂ ಆಕೆಯ ಮನೆಯಲ್ಲೇ ಉಣ್ಣಬೇಕು. ಎಷ್ಟು ಜನ ಬರುತ್ತಾರೆಂದು ಕೇಳಿದರೆ ಆಕೆಗೆ ಸಿಟ್ಟು: “ಈ ಮನೆಯಲ್ಲಿ ಯಾರೂ ತಟ್ಟೆ ಎಣಿಸಕೂಡದು!”

ಅನ್ನದ ಜೊತೆ ಕರಿಯ ಕಾಳಿನ ಸಾರು, ಅದಕ್ಕೆ ‘ಫ್ರಿಹೋಲೆಸ್’ ಎನ್ನುತ್ತಾರೆ. ಬೇಯಿಸಿದ ಮರಗೆಣಸು, ಕರಿದ ಬಾಳೆಹಣ್ಣು. ಕುಮಟೆಯವಳಾದ ನನಗೆ ಇದೆಲ್ಲ ಹೊಸದೆನಿಸಲಿಲ್ಲ. ಹಂದಿಮಾಂಸ ಮಾತ್ರ ಮೇಜಿನ ನಡುವೆಯೇ ಇರುತ್ತಿತ್ತು. ನಾನು ಅದನ್ನು ಮುಟ್ಟುವವಳಲ್ಲವೆಂದು ತಿಳಿದ ಮೇಲೆ, ಅಬುವೇಲ ನನಗಾಗಿ ಕಾಳು ಬೇಯಿಸಲು ಒಂದು ಹೊಸ ಪಾತ್ರೆಯನ್ನೇ ತೆಗೆದಿಟ್ಟರು. ಅದಕ್ಕೆ ಬೇರೆಯವರ ಸೌಟು ತಾಗಿದರೆ ಬೈಗುಳ. ನನ್ನ ಅತ್ತೆಯೂ ಅಷ್ಟು ಮಡಿ ಮಾಡಿದ್ದು ಕಾಣೆ.

ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆ ದೇಶದಲ್ಲಿದ್ದೂ ಆಕೆ ಇಂಗ್ಲಿಷ್ ಕಲಿಯಲಿಲ್ಲ. ಡಾಕ್ಟರ ಹತ್ತಿರ ಹೋಗುವುದಾದರೂ ಮಗಳು ಕೆಲಸ ಬಿಟ್ಟು ಜೊತೆಗೆ ಹೋಗಬೇಕು. ಅದು ಹಟವೇ, ನಾನು ಈಗಲೂ ಒಪ್ಪುವುದಿಲ್ಲ. ಮುಂಬಯಿಗೆ ಬಂದ ವರ್ಷದಲ್ಲೇ ಮರಾಠಿ ಕಲಿತವಳು ನಾನು; ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲೇ ದುಡಿದವಳು.

ಒಂದು ದಿನ ಮೊಮ್ಮಗ ನನ್ನೊಡನೆ ಇಂಗ್ಲಿಷಿನಲ್ಲಿ ಹರಟುತ್ತಿದ್ದ. ಅಬುವೇಲ ಸೊಸೆಯ ಮೂಲಕ ಕೇಳಿಸಿದರು: “ಇವನು ನಿಮ್ಮ ಮಾತು ಯಾಕೆ ಆಡುವುದಿಲ್ಲ?”

“ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದಲ್ಲ, ತೊಂದರೆಯಿಲ್ಲ,” ಎಂದೆ, ಸ್ವಲ್ಪ ಜಂಬದಿಂದಲೇ.

“ಅದೇ ತೊಂದರೆ. ನನಗೆ ಬರುವುದಿಲ್ಲ. ಅದಕ್ಕೇ ಇವನು ನನ್ನ ಮಾತು ಕಲಿತ.”

ನನಗೆ ಉತ್ತರ ಹೊಳೆಯಲಿಲ್ಲ. ಮುಂದಿನ ಭಾನುವಾರ ಎಲ್ಲರೆದುರು ನನ್ನ ಮಗನಿಗೆ ಪೂಜೆಯಾಯಿತು. ನಲವತ್ತರ ಗಂಡಸು ತಲೆ ತಗ್ಗಿಸಿ, “ಆಯಿ, ನೀನಾದರೂ ಹೇಳೇ,” ಎಂದ. ನಾನು ಏನೆಂದು ಹೇಳಲಿ? ಮನೆಯಲ್ಲಿ ಅವನೊಡನೆ ಅರ್ಧ ಹಿಂದಿ, ಅರ್ಧ ಇಂಗ್ಲಿಷ್ ಆಡಿ ಬೆಳೆಸಿದವಳು ನಾನೇ ತಾನೆ!

ಕಳೆದ ವರ್ಷ ಅಬುವೇಲ ತೀರಿಕೊಂಡರು. ನನಗೆ ಹೋಗಲಾಗಲಿಲ್ಲ. ನನ್ನ ಪಾತ್ರೆಯನ್ನು ಸೊಸೆ ತನ್ನ ಮನೆಗೆ ತಂದಿಟ್ಟಿದ್ದಾಳಂತೆ.

ಈಗ ಭಾನುವಾರ ಬೆಳಿಗ್ಗೆ, ಅಲ್ಲಿ ಶನಿವಾರ ರಾತ್ರಿ, ಮೊಮ್ಮಗ ಫೋನಿಗೆ ಬರುತ್ತಾನೆ. ಕನ್ನಡ ಬಿಟ್ಟು ಬೇರೆ ಮಾತಿಗೆ ನಾನು ಕಿವುಡಿ. ಮೊನ್ನೆ, “ಅಜ್ಜಿ, ಊಟ ಆಯ್ತಾ?” ಎಂದ.

“ಇನ್ನೂ ಇಲ್ಲ ಮಗಾ. ನಿಂದು? ಏನು ಊಟ?”

ಅವನು ಸ್ವಲ್ಪ ಹೊತ್ತು ಶಬ್ದಕ್ಕೆ ತಡಕಾಡಿದ. ಆಮೇಲೆ, “ಅನ್ನ... ಫ್ರಿಹೋಲೆಸ್,” ಎಂದ.