ಎಲ್ಲಿ ಹೋಯಿತು ಆ ಮೂಲೆ?

ಮನೆಯಲ್ಲಿ ಮುನಿಸಿಕೊಳ್ಳುವ ಹಕ್ಕು ಹಿಂದೆ ಕೆಲವರಿಗಷ್ಟೇ ಇತ್ತು. ಹಬ್ಬಕ್ಕೆ ಬಂದ ಅಳಿಯ, ಜಾತ್ರೆಯಲ್ಲಿ ಆಟಿಕೆ ಸಿಗದ ಕೂಸು, ಕರು ಕಳೆದುಕೊಂಡ ಎಮ್ಮೆ, ಇಷ್ಟೇ. ಈಗ ಆ ಪಟ್ಟಿಗೆ ಪ್ರಿಂಟರ್ ಎಂಬ ಯಂತ್ರವೂ ಸೇರಿಕೊಂಡಿದೆ. ಅಳಿಯನನ್ನು ಹೋಳಿಗೆಯಿಂದ, ಕೂಸನ್ನು ಬೆಂಡು ಬತ್ತಾಸಿನಿಂದ, ಎಮ್ಮೆಯನ್ನು ಹಿಂಡಿಯಿಂದ ಒಲಿಸಿಕೊಳ್ಳಬಹುದು. ‘ಕಾಗದ ಸಿಕ್ಕಿಕೊಂಡಿದೆ’ ಎಂದು ಕೆಂಪು ದೀಪ ಮಿಟುಕಿಸುತ್ತ ಕುಳಿತ ಪ್ರಿಂಟರನ್ನು ಏನು ಕೊಟ್ಟು ಒಲಿಸುವುದು? ಅದಕ್ಕೆ ಹಸಿವಿಲ್ಲ. ಬಾಯಲ್ಲಿ ಇರುವುದನ್ನೇ ಅದು ಬಿಡುತ್ತಿಲ್ಲ.

ಬೀದರ್ ಜಿಲ್ಲೆಯ ನಿರ್ಣಾದ ಒಂದು ಮನೆಯ ಪಡಸಾಲೆಯಲ್ಲಿ ಅಂಥದೊಂದು ಯಂತ್ರವಿದೆ. ಮನೆಯ ಯಜಮಾನರು ಹೈದರಾಬಾದಿನಲ್ಲಿ ಹಲವು ವರ್ಷ ಲೆಕ್ಕ ಬರೆಯುವ ಕೆಲಸದಲ್ಲಿದ್ದವರು. 2020ರ ಲಾಕ್‌ಡೌನಿನಲ್ಲಿ ಹೆಂಡತಿ, ಮಗಳೊಂದಿಗೆ ಊರಿಗೆ ಬಂದವರು ಮತ್ತೆ ಹೋಗಲಿಲ್ಲ. ಜಿಎಸ್‌ಟಿ ಬಂದ ಮೇಲೆ ಸಣ್ಣ ಅಂಗಡಿಯವರಿಗೂ ತಿಂಗಳ ಲೆಕ್ಕದ ಕಾಟ ತಪ್ಪಿದ್ದಲ್ಲವಷ್ಟೆ. ಹುಮನಾಬಾದಿನ ನಾಲ್ಕಾರು ವ್ಯಾಪಾರಿಗಳ ಲೆಕ್ಕವನ್ನು ಇವರು ಮನೆಯಲ್ಲೇ ಕುಳಿತು ಮಾಡಿಕೊಡುತ್ತಾರೆ. ಒಂದು ಮೇಜು, ಒಂದು ಕಂಪ್ಯೂಟರ್, ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡ ಒಂದು ಲೇಸರ್ ಪ್ರಿಂಟರ್. ಝೆರಾಕ್ಸ್, ಸ್ಕ್ಯಾನ್, ಪ್ರಿಂಟ್ ಮೂರನ್ನೂ ಅದೇ ಮಾಡಬೇಕು. ಊರಿನವರು ಇವರನ್ನು ‘ಲೆಕ್ಕದಣ್ಣ’ ಎನ್ನುತ್ತಾರೆ. ಪಹಣಿ, ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು, ಯಾವುದರ ನಕಲು ಬೇಕಾದರೂ ಈ ಪಡಸಾಲೆಗೇ ಬರುತ್ತಾರೆ.

ಅದು ಜುಲೈ ತಿಂಗಳು. ಮೂರು ದಿನದಿಂದ ಜಿಟಿಜಿಟಿ ಮಳೆ. ಹೊಲದಲ್ಲಿ ಉದ್ದು, ಹೆಸರು, ಸೋಯಾ ನಗುತ್ತಿದ್ದರೆ ಮನೆಯಲ್ಲಿ ಒಗೆದ ಬಟ್ಟೆ ಒಣಗದೆ ಅಳುತ್ತಿದ್ದವು. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಬ್ಬ ರೈತರು ಮಗಳನ್ನು ಕರೆದುಕೊಂಡು ಬಂದರು. ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ, ಎದೆಗೆ ಅವಚಿಕೊಂಡ ಪ್ಲಾಸ್ಟಿಕ್ ಕವರಿನಲ್ಲಿ ಹುಡುಗಿಯ ಕಾಗದಪತ್ರಗಳು.

“ಅಣ್ಣಾ, ನಾಳೆ ಮುಂಜಾನಿ ಹತ್ತಕ್ಕ ಬೀದರದಾಗ ಇರಬೇಕ್ರಿ. ಕಾಲೇಜಿನ ಸೀಟಿಂದು, ಕಾಗದ ನೋಡ್ತಾರಂತ. ಎಲ್ಲಾ ಎರಡೆರಡು ಝೆರಾಕ್ಸ್ ಬೇಕಂತ್ರಿ” ಎಂದರು.

ಅಂಕಪಟ್ಟಿ, ಜಾತಿ, ಆದಾಯ, ವ್ಯಾಸಂಗ ಪ್ರಮಾಣಪತ್ರಗಳು. ಇವುಗಳ ಮೇಲೆ 371(ಜೆ) ಪ್ರಮಾಣಪತ್ರ. 2012ರ 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಈ ವಿಧಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಓದಿನಲ್ಲೂ ನೌಕರಿಯಲ್ಲೂ ಒಂದಷ್ಟು ಜಾಗ ಕಾದಿರಿಸಿದೆ. ಆ ಜಾಗದಲ್ಲಿ ಕೂರಬೇಕಾದರೆ ಕಾಗದ ಕೈಯಲ್ಲಿರಬೇಕು. ಹುಡುಗಿಯ ತಂದೆಗೆ ಅದರ ಇತಿಹಾಸ ಗೊತ್ತಿರಲಿಲ್ಲ, ಅದರ ಬೆಲೆ ಗೊತ್ತಿತ್ತು.

ಮೊದಲ ಮೂರು ಹಾಳೆಗಳು ಸುಸೂತ್ರವಾಗಿ ಬಂದವು. ನಾಲ್ಕನೆಯದು ‘ಕರ್‍ರ್’ ಎಂದು ನಿಂತಿತು. ಕೆಂಪು ದೀಪ. ಲೆಕ್ಕದಣ್ಣ ಮುಚ್ಚಳ ತೆಗೆದು ಹಾಳೆಯನ್ನು ಹೊರಗೆಳೆದರು. ಹಾಳೆ ಇಡಿಯಾಗಿಯೇ ಬಂತು. ಮುಚ್ಚಳ ಹಾಕಿದರು, ದೀಪ ಆರಲಿಲ್ಲ. ಟ್ರೇ ತೆಗೆದರು, ಖಾಲಿ. ಹಿಂದಿನ ಬಾಗಿಲು ತೆರೆದರು, ಖಾಲಿ. ಕಾರ್ಟ್ರಿಜ್ ತೆಗೆದು ಇಣುಕಿದರು, ಅಲ್ಲೂ ಕಾಗದದ ಸುಳಿವಿಲ್ಲ. ಆದರೂ ಯಂತ್ರ ತನ್ನ ಹಟ ಬಿಡಲಿಲ್ಲ: ಕಾಗದ ಸಿಕ್ಕಿಕೊಂಡಿದೆ, ಸಿಕ್ಕಿಕೊಂಡಿದೆ, ಸಿಕ್ಕಿಕೊಂಡಿದೆ.

ಯಂತ್ರ ಸುಳ್ಳು ಹೇಳುತ್ತಿದೆಯೇ? ಇಲ್ಲ. ಅದಕ್ಕೆ ಸುಳ್ಳು ಹೇಳುವಷ್ಟು ಬುದ್ಧಿ ಇಲ್ಲ. ಪ್ರಿಂಟರಿಗೆ ಕಾಗದವನ್ನು ನೋಡುವ ಕಣ್ಣೂ ಇಲ್ಲ. ಹಾಳೆ ಸಾಗುವ ದಾರಿಯಲ್ಲಿ ಅಲ್ಲಲ್ಲಿ ಬೆರಳ ತುದಿಯಷ್ಟು ಪ್ಲಾಸ್ಟಿಕ್ ಸನ್ನೆಗಳಿರುತ್ತವೆ. ಹಾಳೆ ಬಂದಾಗ ಸನ್ನೆ ಬಾಗುತ್ತದೆ, ಹೋದ ಮೇಲೆ ಮತ್ತೆ ಎದ್ದು ನಿಲ್ಲುತ್ತದೆ. ಅದು ಒಂದು ಬೆಳಕಿನ ಕಿರಣಕ್ಕೆ ಅಡ್ಡ ಬರುವುದರಿಂದಲೋ ಸರಿಯುವುದರಿಂದಲೋ ಯಂತ್ರಕ್ಕೆ ಸುದ್ದಿ ಮುಟ್ಟುತ್ತದೆ. ಯಂತ್ರ ಮಾಡುವುದೆಲ್ಲ ಕಾಲದ ಎಣಿಕೆ. ಇಂತಿಷ್ಟು ಹೊತ್ತಿಗೆ ಹಾಳೆ ಈ ಸನ್ನೆಯನ್ನು ದಾಟಬೇಕಿತ್ತು, ದಾಟಿಲ್ಲ, ಆದ್ದರಿಂದ ಸಿಕ್ಕಿಕೊಂಡಿದೆ. ಶಾಲೆಗೆ ಹೋದ ಮಗು ಐದು ಗಂಟೆಗೆ ಬರದಿದ್ದರೆ ಬಾಗಿಲಲ್ಲಿ ನಿಂತ ತಾಯಿ ಮಾಡುವ ತರ್ಕವೇ ಇದು.

ಈ ತರ್ಕ ಲೆಕ್ಕದಣ್ಣನವರಿಗೆ ಹೊಳೆಯುವ ಮೊದಲು ಸಿಟ್ಟು ಬಂತು. ಬೆಳಿಗ್ಗೆ ಪಿಯುಸಿ ಓದುವ ಮಗಳು ತನ್ನ ನೋಟ್ಸಿನ ನಾಲ್ಕು ಪುಟ ಪ್ರಿಂಟ್ ತೆಗೆದದ್ದು ನೆನಪಾಯಿತು.

“ನಿನಗ ಎಷ್ಟ್ ಸಲ ಹೇಳೀನಿ, ಇದಕ್ಕ ಕೈ ಹಚ್ಚಬ್ಯಾಡ ಅಂತ? ಏನ್ ಮಾಡಿಟ್ಟಿ ನೋಡು!”

ಬಂದವರ ಮುಂದೆ ಬೈಸಿಕೊಂಡ ಹುಡುಗಿ ಮಾತಾಡಲಿಲ್ಲ. ಒಳಗೆ ಹೋದಳು. ಬಂದ ಹುಡುಗಿ, ತನ್ನಿಂದಲೇ ಇದೆಲ್ಲ ಆಯಿತೇನೋ ಎಂಬಂತೆ ಕಾಲಬೆರಳು ನೋಡುತ್ತ ನಿಂತಳು. ಅವಳ ತಂದೆ ಹೊರಗೆ ಮಳೆಯನ್ನೂ ಕತ್ತಲನ್ನೂ ನೋಡಿದರು. ಹುಮನಾಬಾದಿಗೆ ಹೋಗೋಣವೆಂದರೆ ಅಲ್ಲಿ ಮುಟ್ಟುವ ಹೊತ್ತಿಗೆ ಅಂಗಡಿಗಳು ಮುಚ್ಚಿರುತ್ತವೆ. ನಾಳೆ ಬೀದರಿನಲ್ಲೇ ತೆಗೆಸೋಣವೆಂದರೆ, ಅಂಥದೇ ಕಾಗದ ಹಿಡಿದ ಎಷ್ಟು ಜನ ಅಲ್ಲಿನ ಝೆರಾಕ್ಸ್ ಅಂಗಡಿಯ ಮುಂದೆ ಸಾಲು ನಿಂತಿರುತ್ತಾರೋ.

ಲೆಕ್ಕದಣ್ಣ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡು ಒಳಗೆ ಚುಚ್ಚಲು ಹೊರಟಾಗಲೇ ಕರೆಂಟ್ ಹೋಯಿತು. ಮಳೆಗಾಲದಲ್ಲಿ ಕರೆಂಟ್ ಹೋಗುವುದು ವಿಶೇಷವಲ್ಲ, ಆದರೆ ಅಂದು ಅದು ಮಾಡಿದ ಉಪಕಾರ ದೊಡ್ಡದು. ಲೇಸರ್ ಪ್ರಿಂಟರಿನಲ್ಲಿ ಮಸಿಯ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಭಾಗ 200 ಡಿಗ್ರಿ ಸೆಲ್ಸಿಯಸ್‌ನ ಹತ್ತಿರ ಕಾದಿರುತ್ತದೆ. ಅಲ್ಲಿ ಬೆರಳಿಟ್ಟರೆ ಕಾದ ಹಂಚಿನ ಮೇಲೆ ಇಟ್ಟಂತೆ. ಸ್ಕ್ರೂಡ್ರೈವರಿನಿಂದ ಗೀರಿದರೆ ರೋಲರಿಗೆ ಬಿದ್ದ ಗಾಯ ಮುಂದೆ ಪ್ರತಿ ಹಾಳೆಯ ಮೇಲೂ ಮೂಡುತ್ತದೆ. ಇಂಥ ಹೊತ್ತಿನಲ್ಲಿ ಮಾಡಬೇಕಾದ ಮೊದಲ ಕೆಲಸವೆಂದರೆ ಸ್ವಿಚ್ ಆರಿಸಿ ಅರ್ಧ ಗಂಟೆ ಸುಮ್ಮನಿರುವುದು. ನಮ್ಮವರಿಗೆ ಅತ್ಯಂತ ಕಷ್ಟವಾದ ಕೆಲಸವೂ ಅದೇ.

ಯಂತ್ರ ತಣಿಯುವವರೆಗೆ ಅದರ ಮೂಲಪುರುಷನ ಮಾತೊಂದಿಷ್ಟು ಆಗಬಹುದು. ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ ಒಂದು ಕಂಪನಿಯ ಪೇಟೆಂಟ್ ವಿಭಾಗದಲ್ಲಿದ್ದವನು. ದಾಖಲೆಗಳ ಪ್ರತಿ ತೆಗೆಯುವ ಕೆಲಸಕ್ಕೆ ಬೇಸತ್ತು, ಸುಲಭದ ಮಾರ್ಗ ಹುಡುಕಿದ. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ, ಗಂಧಕ ಬಳಿದ ಸತುವಿನ ತಗಡನ್ನು ಕರವಸ್ತ್ರದಿಂದ ಉಜ್ಜಿ ವಿದ್ಯುದಂಶ ಹುಟ್ಟಿಸಿ, ಬೆಳಕು ಬಿಟ್ಟು, ಪುಡಿ ಉದುರಿಸಿ ಆ ದಿನಾಂಕವನ್ನೂ ಊರಿನ ಹೆಸರನ್ನೂ ಮೂಡಿಸಿದ. ಸ್ಥಾಯೀ ವಿದ್ಯುತ್ತು ಪುಡಿಯಲ್ಲಿ ಚಿತ್ತಾರ ಬರೆಯುವುದನ್ನು 1777ರಲ್ಲೇ ಕಂಡವನು ಜರ್ಮನಿಯ ಲಿಕ್ಟೆನ್‌ಬರ್ಗ್. ಮಡಿಸಿದರೂ ಆಕಾರ ಕೆಡದ ಹಾಳೆಯ ಅಳತೆಯನ್ನು, ಅಂದರೆ ಇಂದಿನ ಎ4 ಹಾಳೆಯ ಪ್ರಮಾಣವನ್ನು, 1786ರಲ್ಲಿ ಪತ್ರವೊಂದರಲ್ಲಿ ವಿವರಿಸಿದವನೂ ಅವನೇ. ಪುಡಿ, ಹಾಳೆ ಎರಡಕ್ಕೂ ಒಬ್ಬನೇ ಅಜ್ಜ!

ಕಾರ್ಲ್‌ಸನ್ನನ ವಿದ್ಯೆಯಿಂದ 1959ರಲ್ಲಿ ಬಂದ ‘914’ ಎಂಬ ಯಂತ್ರ ಇಡೀ ಕಚೇರಿ ಲೋಕವನ್ನೇ ಬದಲಿಸಿತು. ಅದರಲ್ಲೂ ಹಾಳೆ ಸಿಕ್ಕಿಕೊಳ್ಳುತ್ತಿತ್ತು. ಬಿಸಿ ಭಾಗದ ಬಳಿ ಸಿಕ್ಕರೆ ಬೆಂಕಿಯೇ ಹೊತ್ತಿಕೊಳ್ಳುವ ಭಯವಿತ್ತು. ಅದಕ್ಕಾಗಿ ಯಂತ್ರದ ಜೊತೆ ಪುಟ್ಟದೊಂದು ಬೆಂಕಿ ನಂದಿಸುವ ಸಾಧನ ಕೊಡುತ್ತಿದ್ದರು. ಗಿರಾಕಿಗಳು ಹೆದರಬಾರದೆಂದು ಅದಕ್ಕೆ ಇಟ್ಟ ಹೆಸರು ‘ಸ್ಕಾರ್ಚ್ ಎಲಿಮಿನೇಟರ್’, ನಮ್ಮ ಮಾತಿನಲ್ಲಿ ಕರಕು ನಿವಾರಕ. ನಿರ್ಣಾದ ಪಡಸಾಲೆಯಲ್ಲಿ ಬೆಂಕಿ ಹೊತ್ತಿದ್ದು ಯಂತ್ರದಲ್ಲಲ್ಲ, ಯಜಮಾನರ ನಾಲಗೆಯಲ್ಲಿ.

ಅಷ್ಟರಲ್ಲಿ ಮಗಳು ಮೊಬೈಲಿನ ಬೆಳಕು ಹಿಡಿದು ಬಂದಳು. ಇನ್ನೊಂದು ಕೈಯಲ್ಲಿ ಮುದುಡಿ ಬಿಡಿಸಿದ ಒಂದು ಹಾಳೆ. ಅಪ್ಪ ಎಸೆದ ಹಾಳೆಗಳನ್ನು ಆರಿಸಿ, ಖಾಲಿ ಮಗ್ಗುಲಲ್ಲಿ ಗಣಿತ ಬಿಡಿಸುವುದು ಅವಳ ರೂಢಿ. ಈ ಹಾಳೆಯ ಹಿಂದೆಯೂ ಅವಳ ಲೆಕ್ಕವಿತ್ತು. ಮುಂದೆ ಇದ್ದದ್ದು ಅಪ್ಪನ ಲೆಕ್ಕ, ಹಿಂದಿನ ದಿನ ಪ್ರಿಂಟ್ ಹಾಕಿದ್ದ ಅಂಗಡಿಯೊಂದರ ಖರೀದಿ ಪಟ್ಟಿ. ಹಾಳೆಯನ್ನು ಮೇಜಿನ ಮೇಲೆ ಹರಡಿ ಬೆಳಕು ಹಿಡಿದಳು. ಮೇಲಿನ ಎಡ ಮೂಲೆ ಇರಲಿಲ್ಲ. ಐದು ರೂಪಾಯಿ ನಾಣ್ಯದಷ್ಟು ಜಾಗ ಹರಿದು ಹೋಗಿತ್ತು.

“ಅಪ್ಪಾ, ಈ ಮೂಲಿ ಎಲ್ಲಿ ಹೋತು?” ಎಂದಳು, ಅಷ್ಟೇ.

ಲೆಕ್ಕದಣ್ಣನವರಿಗೆ ನಿನ್ನೆಯದು ನೆನಪಾಯಿತು. ಹಾಳೆ ಅರ್ಧದಲ್ಲಿ ನಿಂತಿತ್ತು. ವ್ಯಾಪಾರಿಯ ಫೋನು ಬರುತ್ತಿತ್ತು. ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಿಂದ ಹಾಳೆಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಜಗ್ಗಿದ್ದರು. ತಪ್ಪಾದದ್ದು ಅಲ್ಲೇ. ಹಾಳೆಯ ಮುಂದಿನ ಅಂಚನ್ನು ಆಗಲೇ ಬಿಸಿ ರೋಲರುಗಳು ಕಚ್ಚಿ ಹಿಡಿದಿದ್ದವು. ಕಚ್ಚಿ ಹಿಡಿದದ್ದನ್ನು ಹಿಂದಕ್ಕೆ ಜಗ್ಗಿದರೆ ಹರಿಯದೆ ಇನ್ನೇನಾದೀತು? ಹರಿದ ಮೂಲೆ ಒಂದು ದಿನ ರೋಲರಿನ ಪಕ್ಕ ತೆಪ್ಪಗೆ ಬಿದ್ದಿತ್ತು. ಮಗಳ ನಾಲ್ಕು ಪುಟಗಳೂ ಅದರ ಪಕ್ಕದಿಂದಲೇ ದಾಟಿ ಹೋಗಿದ್ದವು. ಈ ಸಂಜೆ ದಾಟಿದ ಹಾಳೆಯೊಂದು ಅದನ್ನು ತಳ್ಳಿ ಸನ್ನೆಯ ಅಡಿಗೆ ಸೇರಿಸಿರಬೇಕು. ಸನ್ನೆ ಬಾಗಿಯೇ ನಿಂತಿತು, ಯಂತ್ರ ಹಾಳೆ ಇದೆಯೆಂದೇ ತಿಳಿಯಿತು.

ಮೇಲಿನ ಎಡ ಮೂಲೆ ಹರಿದಿದೆ ಎಂದಮೇಲೆ ತುಂಡು ಇರಬೇಕಾದ್ದು ಹಾಳೆ ಹೊರಬೀಳುವ ಕಡೆ, ಎಡಕ್ಕೆ. ಅಷ್ಟು ಹೊತ್ತು ಇಡೀ ಯಂತ್ರವನ್ನು ತಡಕಿದವರಿಗೆ ಈಗ ನಾಲ್ಕು ಬೆರಳಿನಷ್ಟು ಜಾಗ ಹುಡುಕಿದರೆ ಸಾಕಾಯಿತು. ಹರಿದ ಹಾಳೆಯನ್ನು ಎಸೆಯಬಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ. ಹಾಳೆಯನ್ನು ಜೋಡಿಸಿ ನೋಡಿ, ಪೂರ್ತಿಯಿದ್ದರೆ ಸರಿ. ಇಲ್ಲದಿದ್ದರೆ ಇಲ್ಲದ ತುಂಡೇ ತನ್ನ ವಿಳಾಸ ಹೇಳುತ್ತದೆ.

ಕಾರ್ಟ್ರಿಜ್‌ಗೆ ಬೆಳಕು ಆಗಿಬರುವುದಿಲ್ಲವೆಂದು ಅಜ್ಜಿಯ ಹಳೆಯ ಸೀರೆಯ ತುಂಡು ಹೊದಿಸಿ ಪಕ್ಕಕ್ಕಿಟ್ಟರು. ಹಿಂದಿನ ಬಾಗಿಲು ತೆರೆದರು. ಅಪ್ಪನ ಕೈ ಒಳಗೆ ಹೋಗಲಿಲ್ಲ, ಮಗಳ ಕೈ ಹೋಯಿತು. ಅಪ್ಪ ಪಕ್ಕದ ಹಲ್ಲುಗಾಲಿಯನ್ನು ಬೆರಳಿನಿಂದ ಮೆಲ್ಲಗೆ ಹಾಳೆ ಸಾಗುವ ದಿಕ್ಕಿಗೇ ತಿರುಗಿಸಿದರು. ಕಾಲುಸುತ್ತು, ಇನ್ನೊಂದು ಕಾಲುಸುತ್ತು. “ಸಿಕ್ತು” ಎಂದಳು. ಬಿಸಿಗೆ ಕಂದಿದ ತುಂಡು ಕಾಗದ ಹೊರಗೆ ಬಂತು. ಅದರ ಮೇಲೆ ಅಂಗಡಿಯ ಹೆಸರಿನ ಮೊದಲ ಎರಡು ಅಕ್ಷರ. ಮೇಜಿನ ಮೇಲಿದ್ದ ಹಾಳೆಯ ಪಕ್ಕ ಇಟ್ಟರೆ ಸರಿಯಾಗಿ ಕೂಡಿಕೊಂಡಿತು. ಲೆಕ್ಕದಣ್ಣನವರ ಜೀವಮಾನದಲ್ಲಿ ಇಷ್ಟು ಚೊಕ್ಕವಾಗಿ ತಾಳೆಯಾದ ಲೆಕ್ಕ ಇನ್ನೊಂದಿರಲಾರದು. ಅದನ್ನು ನೋಡಿ ಅವರಿಗೆ ಸಂತೋಷವಾಗಲಿಲ್ಲ.

ಕರೆಂಟ್ ಬಂತು. ಕೆಂಪು ದೀಪ ಹೋಗಿ ಹಸಿರು ಬಂತು. ಎಲ್ಲರೂ ಉಸಿರು ಬಿಟ್ಟು ಒಂದು ನಿಮಿಷವಾಗಿರಲಿಲ್ಲ, ಮೊದಲ ಹಾಳೆಯೇ ಮಡಿಕೆ ಬಿದ್ದು ಮತ್ತೆ ನಿಂತಿತು. ಈ ಸಲ ಯಾರೂ ಜಗ್ಗಲಿಲ್ಲ. ಹಾಳೆಯನ್ನು ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಮುಂದಕ್ಕೆ ತೆಗೆದರು. ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತ ಎಲ್ಲವನ್ನೂ ನೋಡುತ್ತಿದ್ದ ಅಜ್ಜಿ ಆಗ ಬಾಯಿ ಬಿಟ್ಟಿತು:

“ಮಳಿಗಾಲದಾಗ ಹಪ್ಪಳ ಹೊರಗ ಇಟ್ರ ಮೆತ್ತಗ ಆಗ್ತಾವ. ನೀ ಕಾಗದ ಮೂರು ದಿನದಿಂದ ಬಯಲಿಗಿಟ್ಟಿ. ಅದಕ್ಕೇನು ತಂಪು ಹತ್ತೂದಿಲ್ಲೇನು?”

ಶಾಲೆಯ ಮುಖ ಕಾಣದ ಅಜ್ಜಿ ಹೇಳಿದ್ದು ಪಕ್ಕಾ ವಿಜ್ಞಾನ. ಒಣಗಿದಂತೆ ಕಾಣುವ ಕಾಗದದಲ್ಲೂ ನೂರು ಗ್ರಾಮಿಗೆ ಸುಮಾರು 5 ಗ್ರಾಂ ನೀರು ಇರುತ್ತದೆ. ಮಳೆಗಾಲದ ಗಾಳಿಯಲ್ಲಿ ಬಿಚ್ಚಿಟ್ಟರೆ ಅದು ಇನ್ನಷ್ಟು ಕುಡಿಯುತ್ತದೆ. ನಾರುಗಳು ಉಬ್ಬುತ್ತವೆ, ಅಂಚುಗಳು ಅಲೆಅಲೆಯಾಗುತ್ತವೆ. ನೆಟ್ಟಗಿಲ್ಲದ ಹಾಳೆ ರೋಲರಿನ ಬಾಯಿಗೆ ನೆಟ್ಟಗೆ ಹೋಗುವುದಿಲ್ಲ. ಈ ವಿದ್ಯೆಯ ಹೆಸರೇ ಝೆರಾಗ್ರಫಿ. ಗ್ರೀಕಿನಲ್ಲಿ ಹಾಗೆಂದರೆ ‘ಒಣ ಬರಹ’. ಒಣ ಬರಹಕ್ಕೆ ಹಸಿ ಹಾಳೆ ಕೊಟ್ಟರೆ ಅದು ಮುನಿಯದೆ ಇದ್ದೀತೇ? ನಿನ್ನೆಯ ಹಾಳೆ ಅರ್ಧದಲ್ಲಿ ನಿಂತದ್ದಕ್ಕೂ ಇದೇ ಕಾರಣವಿರಬೇಕು.

ಬೀರುವಿನಲ್ಲಿ ಒಂದು ಹೊಸ ಕಟ್ಟು ಇತ್ತು. ಒಡೆದು, ಹಾಳೆಗಳನ್ನು ಒಮ್ಮೆ ಇಸ್ಪೀಟಿನ ಎಲೆಯಂತೆ ಬಿಡಿಸಿ, ನಾಲ್ಕೂ ಅಂಚು ಕುಟ್ಟಿ ಸಮಮಾಡಿ, ಇಪ್ಪತ್ತೇ ಹಾಳೆ ಟ್ರೇಗೆ ಹಾಕಿದರು. ಒಂದಾದಮೇಲೊಂದು ಪ್ರತಿಗಳು ಬೆಚ್ಚಗೆ ಬಂದು ಬಿದ್ದವು. ಬಂದ ಹುಡುಗಿ ಅವನ್ನು ಎಣಿಸಿಕೊಂಡು, ಎರಡು ಕಟ್ಟು ಮಾಡಿ ಪ್ಲಾಸ್ಟಿಕ್ ಕವರಿಗೆ ಸೇರಿಸಿದಳು. 371(ಜೆ) ಪ್ರಮಾಣಪತ್ರ ಎಲ್ಲದರ ಮೇಲೆ.

“ಎಷ್ಟಾತ್ರಿ ಅಣ್ಣಾ?” ಎಂದರು ತಂದೆ.

“ಸೀಟು ಸಿಕ್ಕಮ್ಯಾಲ ಪೇಢೆ ತಂದು ಕೊಡ್ರಿ, ಹೋಗ್ರಿ” ಎಂದರು ಲೆಕ್ಕದಣ್ಣ. ಅಂದು ಹಣ ತೆಗೆದುಕೊಳ್ಳಲು ಅವರಿಗೆ ಮನಸ್ಸು ಬರಲಿಲ್ಲ.

ಬಂದವರು ಹೋದ ಮೇಲೆ ಪಡಸಾಲೆಯಲ್ಲಿ ಮಳೆಯ ಸದ್ದಷ್ಟೇ ಉಳಿಯಿತು. ನಮ್ಮ ಕಡೆಯ ತಂದೆಯರಿಗೆ ‘ತಪ್ಪಾಯಿತು’ ಎಂಬ ಮಾತು ಕೂಡ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಲೆಕ್ಕದಣ್ಣ ಮೂರು ಸಲ ಕೆಮ್ಮಿದರು. ಕೊನೆಗೆ “ಊಟ ಮಾಡಿಯೇನವ್ವಾ?” ಎಂದರು. “ನೀ ಬರ್‍ತಿ ಅಂತ ಕುಂತೀನಿ” ಎಂದಳು ಮಗಳು. ರೊಟ್ಟಿಯ ತಟ್ಟೆಯ ಮುಂದೆ ಕುಳಿತಾಗ, ಅವಳ ಕಡೆ ನೋಡದೆಯೇ, “ನಿನ್ನೆ ಅದನ್ನ ಜಗ್ಗಿದಂವ ನಾನೇ” ಎಂದರು. ಅವಳು ಅಪ್ಪನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಮರುದಿನದಿಂದ ಕಾಗದದ ಕಟ್ಟು ಅಜ್ಜಿಯ ಹಪ್ಪಳದ ಸ್ಟೀಲ್ ಡಬ್ಬಿಯ ಜೋಡಿ ಡಬ್ಬಿಯಲ್ಲಿ, ಬಿಗಿ ಮುಚ್ಚಳದ ಕೆಳಗೆ ವಾಸವಾಗಿದೆ. ಪ್ರಿಂಟರಿನ ಮುಚ್ಚಳದ ಮೇಲೆ ದುಂಡನೆಯ ಅಕ್ಷರದ ಒಂದು ಚೀಟಿ ಅಂಟಿಸಲಾಗಿದೆ: ‘ಅಪ್ಪ ಜಗ್ಗಬಾರದು.’ ಹುಮನಾಬಾದಿನ ವ್ಯಾಪಾರಿಗಳು ಬಂದಾಗ ಅದನ್ನು ಓದಿ ನಗುತ್ತಾರೆ. ಲೆಕ್ಕದಣ್ಣ ಅದನ್ನು ಇನ್ನೂ ತೆಗೆದಿಲ್ಲ.